ಬಟ್ಟೆಯ ಬಿಸಿ

ಆ ದಿನ ಬೆಳಿಗ್ಗೆ ಅಕ್ಕ ಒಂದು ಅಂಗಿ ಸುಟ್ಟಳು. ಸುಟ್ಟದ್ದು ಅಂದರೆ ತೂತು ಬೀಳುವ ಹಾಗೇನಲ್ಲ. ಕಾಲರಿನ ಹಿಂದೆ ಚಹಾದ ಕಲೆಯಂಥ ಒಂದು ಕಂದು ಗುರುತು, ಅಷ್ಟೆ. ಆದರೆ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ತಲೆ ನರೆತವಳಿಗೆ ಅಷ್ಟಾದರೂ ಅವಮಾನವೇ. ಕೆಂಡದ ಪೆಟ್ಟಿಗೆಯ ಕಾಲದಿಂದ ಕರೆಂಟಿನ ಪೆಟ್ಟಿಗೆಯ ಕಾಲದವರೆಗೆ ಅವಳ ಕೈ ಬಿಸಿಯನ್ನು ತಪ್ಪು ಅಳೆದದ್ದಿಲ್ಲ. ರೇಷ್ಮೆ ಎಷ್ಟು ತಡೆಯುತ್ತದೆ, ನೂಲು ಎಷ್ಟು ತಡೆಯುತ್ತದೆ, ಅಂಗೈ ಇಟ್ಟರೆ ಸಾಕು, ಹೇಳಿಬಿಡುತ್ತಾಳೆ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಯಾಕೆಂದರೆ ಒಂದೇ ಒಂದು ಬಟ್ಟೆಯ ಬಿಸಿ ಅವಳಿಗೆ ಇವತ್ತಿಗೂ ತಿಳಿದಿರಲಿಲ್ಲ. ಅದು ಹೊರಗಿನ ಬಿಸಿಲಿಗೆ ಕಾದಿತ್ತೋ, ಒಳಗಿನ ಮೈಯಿಂದ ಕಾದಿತ್ತೋ.

“ಏನ್ ಸುಟ್ಟೆ ಅಕ್ಕ? ಮೂಗಿಗೆ ಬಡೀತಾ ಇದೆ!” ಅಂಗಡಿಯ ಮುಂದಿನಿಂದ ತಮ್ಮ ಕೂಗಿದ.

“ನಿನ್ನ ತಲೆ ಸುಟ್ಟೆ. ಸುಮ್ನೆ ಕೂತ್ಕೊ.”

“ತಲೇಲಿ ಸುಡೋಕೆ ಏನಿದೆ ಅಲ್ಲಿ, ಬರೀ ಬೋಳು,” ಎಂದಳು ತಮ್ಮನ ಹೆಂಡತಿ, ಒಳಗಿನಿಂದ. ಮೂವರೂ ನಕ್ಕರು. ನಗು ಎಂದಿನದ್ದೇ, ಆದರೆ ಬೇಗ ಮುಗಿಯಿತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಕಡೆ ಒಂದು ಉದ್ದ ಮೇಜು. ಅದರ ಹಿಂದೆ ಕುರ್ಚಿ ಹಾಕಿಕೊಂಡು ತಮ್ಮ ಕೂರುತ್ತಾನೆ, ಬಟ್ಟೆ ಗಂಟು ಇಳಿಸಿಕೊಳ್ಳುತ್ತಾನೆ, ಗಂಟಿನ ಜೊತೆಗೆ ಬಂದವರಿಗೆ ಯುದ್ಧದ ಕಥೆ ಹೇಳುತ್ತಾನೆ. ಬೀದಿಗೆ ಅವನು ಸಿಪಾಯಣ್ಣ. ಪರದೆಯ ಹಿಂದೆ ಅಕ್ಕ ನಿಂತು ಇಸ್ತ್ರಿ ಮಾಡುತ್ತಾಳೆ. ಪರದೆ ಅಂದರೆ ಹಳೆಯ ಹೊದಿಕೆ. ಮಾತು ಅದನ್ನು ದಾಟಿ ಸಲೀಸಾಗಿ ಬರುತ್ತದೆ. ಅವನ ಕಥೆಯಲ್ಲಿ ಎಲ್ಲಿ ನಗು ಬರಬೇಕು, ಎಲ್ಲಿ ಜನ ‘ಅಯ್ಯೋ’ ಅನ್ನಬೇಕು ಅವಳಿಗೆ ಬಾಯಿಪಾಠ. ಆಗದೆ ಏನು? ಕಥೆಗಳೆಲ್ಲ ಅವಳವೇ.

ಯುದ್ಧಕ್ಕೆ ಕರೆ ಬಂದದ್ದು ತಮ್ಮನಿಗೆ, ಹೋದದ್ದು ಅವಳು. ಒಂದೇ ಮೂಗು, ಒಂದೇ ಗಲ್ಲ, ವಯಸ್ಸಿನಲ್ಲಿ ವರ್ಷದ ಅಂತರ. ಅವನು ಜ್ವರ ಬಂದವನ ಹಾಗೆ ನಡುಗುತ್ತ ಮೂಲೆಯಲ್ಲಿ ಕೂತಿದ್ದಾಗ ಅಮ್ಮ ಕತ್ತರಿ ತಂದು ಇವಳ ಹಿಂದೆ ನಿಂತಿದ್ದಳು. “ಅವನು ಸತ್ತೇ ಹೋಗ್ತಾನೆ ಕಣೇ. ನೀನಾದ್ರೆ ಗಟ್ಟಿ.” ಆ ಮಾತು ಹೊಗಳಿಕೆ ಎಂದು ಅವಳು ಬಹಳ ಕಾಲ ಅಂದುಕೊಂಡಿದ್ದಳು. ಕಂದಕದಲ್ಲಿ ಕೆಸರು ಮಂಡಿಗೆ ಬಂದಾಗ, ಸ್ನಾನಕ್ಕೆ ಎಲ್ಲರೂ ಹೋದ ಮೇಲೆ ಒಬ್ಬಳೇ ಹೋಗಲು ದಿನಕ್ಕೊಂದು ನೆವ ಹುಡುಕುವಾಗ, ತಿಂಗಳ ಆ ದಿನಗಳಲ್ಲಿ ಭೇದಿ ಎಂದು ಸುಳ್ಳು ಹೇಳಿ ಎಲ್ಲರ ಬಾಯಲ್ಲಿ ನಗೆಪಾಟಲಾಗುವಾಗ, ‘ನಾನು ಗಟ್ಟಿ, ನಾನು ಗಟ್ಟಿ’ ಎಂದು ಜಪಿಸಿದ್ದಳು. ನೀನು ಸತ್ತರೆ ಪರವಾಗಿಲ್ಲ ಎಂದೂ ಅದಕ್ಕೆ ಅರ್ಥ ಎಂಬುದು ಹೊಳೆದದ್ದು ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ; ಆಗ ಯಾರನ್ನು ಕೇಳುವುದು.

ಯುದ್ಧ ಮುಗಿದು ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು, ತಮ್ಮ ಅಟ್ಟದಿಂದ ಇಳಿದು ಮುಂಬಾಗಿಲಿನಿಂದ ಹೊರಗೆ ಹೋದ. ಅಷ್ಟು ಕಾಲ ಕತ್ತಲಲ್ಲಿ ಕೂತು ಮೊಳಕೆಯ ಹಾಗೆ ಬೆಳ್ಳಗಾಗಿದ್ದವನನ್ನು ಅಮ್ಮ ಮೊದಲು ಮಹಡಿಯ ಮೇಲೆ ಬಿಸಿಲಿಗೆ ಹಾಕಿದಳು, ಹಪ್ಪಳ ಒಣಗಿಸಿದ ಹಾಗೆ ತಿರುಗಿಸಿ ಮುರುಗಿಸಿ. ಅಕ್ಕನ ಎಡ ಮೊಳಕೈ ಕೆಳಗೆ ಸಿಡಿಗುಂಡಿನ ಚೂರು ಬಿದ್ದ ಗಾಯದ ಗುರುತಿತ್ತು. ಅದಕ್ಕೆ ಸರಿಯಾಗಿ ಅವನ ಕೈಗೂ ಅಮ್ಮ ಕಾಯಿಸಿದ ಸೌಟು ಇಟ್ಟಳು. ಅವನು ಅರಚದ ಹಾಗೆ ಬಾಯಿಗೆ ಬಟ್ಟೆ ತುರುಕಿ ಹಿಡಿದುಕೊಂಡವಳು ಅಕ್ಕನೇ. ಯುದ್ಧದಲ್ಲಿ ಅವನಿಗಾದ ಗಾಯ ಅಂದರೆ ಅದೊಂದೇ, ಅಡುಗೆಮನೆಯಲ್ಲಿ ಆದದ್ದು. ಇವತ್ತಿಗೂ ಆ ಗುರುತನ್ನು ಜನಕ್ಕೆ ತೋರಿಸುವಾಗ ಅವನ ಕಣ್ಣಲ್ಲಿ ನಿಜವಾದ ನೀರು ಬರುತ್ತದೆ. ಅವಳು ತೋಳು ತುಂಬಾ ರವಿಕೆ ತೊಟ್ಟು ಬದುಕು ಕಳೆದಳು. ಅಮ್ಮ ಸತ್ತ ಮೇಲೆ ವಿಷಯ ಗೊತ್ತಿದ್ದವರು ಇಬ್ಬರೇ. ತಮ್ಮನ ಹೆಂಡತಿಗೂ ಗೊತ್ತಿಲ್ಲ. ಅವಳು ಸಿಪಾಯಿಯನ್ನು ಮದುವೆಯಾದವಳು.

ಇವತ್ತು ಕೊಕ್ಕರೆ ಬರುವವನಿದ್ದ. ಉದ್ದ ಕಾಲು ಎತ್ತಿ ಎತ್ತಿ ಇಡುತ್ತಿದ್ದ ಎಂದು ತುಕಡಿಯಲ್ಲಿ ಅವನಿಗೆ ಆ ಹೆಸರು. ಮಾತೇ ಆಡದಿದ್ದ ಇವಳಿಗೆ ಮೂಕ ಎಂದು ಹೆಸರು. ಬಾಯಿ ಬಿಟ್ಟರೆ ದನಿ ಹಿಡಿದುಕೊಡುತ್ತದೆ ಎಂಬ ಭಯಕ್ಕೆ ಆದ ಮೂಕತನ ಅದು. ಒಂದೇ ಕಂಬಳಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದ ಜೋಡಿ. ಹಳೆಯ ಸಿಪಾಯಿಯೊಬ್ಬನ ಸಾವಿಗೆ ಹೋದಾಗ ಯಾರೋ ಈ ಊರಿನ ಹೆಸರು ಹೇಳಿದರಂತೆ. ಫೋನು ಮಾಡಿ, “ಮೂಕನ ಹತ್ರ ಒಂದು ಮಾತು ಕೇಳೋದಿದೆ, ಸಾಯೋದ್ರೊಳಗೆ” ಎಂದಿದ್ದ. ಫೋನು ಇಟ್ಟಾಗಿನಿಂದ ತಮ್ಮ ಅಕ್ಕನ ಬೆನ್ನು ಬಿಟ್ಟಿರಲಿಲ್ಲ. ಅಕ್ಕನ ನಿದ್ದೆ ಕೆಟ್ಟಿತ್ತು, ಅದು ಬೇರೆ ಕಾರಣಕ್ಕೆ. ಅವಳಿಗೂ ಅವನ ಹತ್ತಿರ ಒಂದು ಮಾತು ಕೇಳುವುದಿತ್ತು. ಲೋಕದಲ್ಲಿ ಅವನೊಬ್ಬನನ್ನೇ ಕೇಳಬಹುದಾದ ಮಾತು.

ತಮ್ಮ ಪರದೆ ಸರಿಸಿ ಒಳಗೆ ಬಂದ. ಹೆಂಡತಿ ಬಿಸ್ಕತ್ತು ತರಲು ಕಿರಾಣಿ ಅಂಗಡಿಗೆ ಹೋಗಿದ್ದಳು.

“ಇನ್ನೊಂದ್ಸಲ ಹೇಳಕ್ಕ. ಕೊಕ್ಕರೆ ಎಡಗೈಯೋನಾ?”

“ಬಲಗೈ. ಗೊರಕೆ ಹೊಡೀತಿದ್ದ. ಅವನ ತಂಗಿ ಮದುವೆಗೆ ರಜೆ ಸಿಗಲಿಲ್ಲ ಅಂತ ಅತ್ತಿದ್ದ.”

“ಅಳುವಾಗ ನಾನೇನು ಮಾಡ್ದೆ?”

“ನಿನ್ನ ಸಿಗರೇಟು ಕೊಟ್ಟೆ.”

“ಸಿಗರೇಟು ಕೊಟ್ಟೆ,” ಎಂದು ಅವನು ಕಣ್ಣು ಮುಚ್ಚಿ ಹೇಳಿಕೊಂಡ, ಪರೀಕ್ಷೆಗೆ ಹೊರಟವನ ಹಾಗೆ. ಅವರ ಪಾಠದ ಕ್ರಮವೇ ಹೀಗೆ. ಯಾರಾದರೂ ಹಳೆಯ ಸಿಪಾಯಿ ಬರುತ್ತಾನೆ ಅಂದರೆ ಇವಳು ಹೇಳುವುದು, ಅವನು ಉರು ಹೊಡೆಯುವುದು. ಬರೀ ದೊಡ್ಡ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ, ಸಣ್ಣದೊಂದು ಸೇರಿಸಬೇಕು ಎಂದು ಕಲಿಸಿದ್ದೂ ಅವಳೇ. ಕಲಿಸುತ್ತ ಕಲಿಸುತ್ತ ಒಂದೊಂದೇ ನೆನಪು ಅವಳ ಕೈಬಿಟ್ಟು ಹೋಗಿತ್ತು. ಹೊಳೆ ದಾಟಿದ್ದನ್ನು ಈಗ ನೆನೆದರೆ ಅವಳಿಗೆ ಕಾಣುವುದು ನೀರಲ್ಲಿ ಕತ್ತಿನವರೆಗೆ ಮುಳುಗಿದ ತಮ್ಮನೇ. ತಾನು ದಡದಲ್ಲೆಲ್ಲೋ ಸೆರಗು ಹಿಡಿದುಕೊಂಡು ನಿಂತಿರುತ್ತಾಳೆ.

“ಇನ್ನೇನಾದ್ರೂ ಬಿಟ್ಟಿದ್ದೀಯಾ? ಏನೋ ಕೇಳೋದಿದೆ ಅಂದನಲ್ಲ.”

“ಇಲ್ಲ.”

“ಅಮ್ಮನಾಣೆ?”

“ಹೋಗೋ, ಅಮ್ಮನಾಣೆ.”

ಒಂದನ್ನು ಮಾತ್ರ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಅದನ್ನೂ ಅವನು ಅಂಗಡಿಯ ಮುಂದೆ ಹರವಿಬಿಡುತ್ತಿದ್ದ. ಅಕ್ಕ ಇನ್ನೊಂದು ಅಂಗಿ ಮೇಜಿನ ಮೇಲೆ ಹಾಸಿದಳು, ಅಂಗಾತ. ಇಸ್ತ್ರಿಯಾದ ಅಂಗಿಯ ಗುಂಡಿ ಹಾಕಿ ಮಡಚುವುದು ಕಸುಬಿನ ಕ್ರಮ. ಕತ್ತಿನ ಹತ್ತಿರದ್ದು, ಅದರ ಕೆಳಗಿನದ್ದು, ಎದೆಯ ಮೇಲಿನದ್ದು. ಎದೆಯ ಮೇಲಿನ ಗುಂಡಿಗೆ ಬಂದಾಗ ಬೆರಳು ತಡೆಯುತ್ತದೆ, ದಿನವೂ, ಪ್ರತಿ ಅಂಗಿಗೂ. ಯುದ್ಧದಲ್ಲಿ ಒಂದು ಹಾಳು ಇಟ್ಟಿಗೆಗೂಡಿನ ಗೋಡೆಯ ಹತ್ತಿರ ಹಾಕಿದ ಗುಂಡಿ ಅದು. ಎದುರಿನ ಪಡೆಯವರು ಜಾಗ ಬಿಟ್ಟು ಓಡಿದ್ದರು, ಅವರ ಹೆಣಗಳನ್ನು ಹೂಳುವ ಕೆಲಸ ಮೂಕ ಮತ್ತು ಕೊಕ್ಕರೆಗೆ ಬಿದ್ದಿತ್ತು. ಹೂಳುವ ಮೊದಲು ಅಂಗಿ ಬಿಚ್ಚಿ ಕತ್ತಿನ ಗುರುತಿನ ಬಿಲ್ಲೆ ತೆಗೆದುಕೊಳ್ಳಬೇಕು. ಕೊನೆಯದು ಗೋಡೆಗೆ ಒರಗಿತ್ತು, ಸಣ್ಣ ಮೈ, ತಲೆಗೆ ಪೆಟ್ಟು. ಗುಂಡಿ ಬಿಚ್ಚಿದರೆ ಒಳಗೆ ಬಟ್ಟೆ. ಎದೆಗೆ ಬಿಗಿಯಾಗಿ ಸುತ್ತಿದ ಪಟ್ಟಿ, ಎಡ ಕಂಕುಳ ಕೆಳಗೆ ಗಂಟು. ಒಬ್ಬಳೇ ಕಟ್ಟಿಕೊಳ್ಳುವವಳ ಬಲಗೈ ಎಟಕುವುದು ಅಲ್ಲಿಗೇ. ಗಾಯಕ್ಕೆ ಬೇರೆಯವರು ಕಟ್ಟುವ ಗಂಟಲ್ಲ ಅದು. ಆ ಗಂಟು ಆ ಹೊತ್ತಿನಲ್ಲಿ ಅವಳ ಕಂಕುಳಲ್ಲೂ ಒತ್ತುತ್ತಿತ್ತು.

ಅಂಗೈ ಅಲ್ಲೇ ಇತ್ತು, ಪಟ್ಟಿಯ ಮೇಲೆ. ಬಿಸಿ ಇತ್ತು. ಉರಿಬಿಸಿಲು ಕೂಡ ಇತ್ತು. ಪಟ್ಟಿ ಮೇಲಕ್ಕೆದ್ದು ಇಳಿದ ಹಾಗನ್ನಿಸಿತು. ಆದರೆ ಅವಳ ಕೈಯೇ ಗಡಗಡ ನಡುಗುತ್ತಿತ್ತು. ಹತ್ತಿರದಲ್ಲೇ ಅಧಿಕಾರಿ ಲಾರಿಗೆ ಒರಗಿ ನಿಂತಿದ್ದ. ‘ಇಲ್ಲೊಂದು ಜೀವ ಇರಬಹುದು’ ಎಂದರೆ ಓಡಿ ಬರುತ್ತಿದ್ದರು, ಬಿಚ್ಚಿ ನೋಡುತ್ತಿದ್ದರು, ‘ಅಯ್ಯೋ ಹೆಂಗಸು’ ಅನ್ನುತ್ತಿದ್ದರು. ಅವರಲ್ಲಿ ಇದ್ದರೆ ನಮ್ಮಲ್ಲೂ ಇರಬಹುದು ಎಂದು ಸಂಜೆಯೊಳಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಂಗಿ ಬಿಚ್ಚಿಸುತ್ತಿದ್ದರು. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಅವಳು ಹೆಗಲು ಮುಟ್ಟಿ ನೋಡಿಕೊಂಡಳು. ಬಿಲ್ಲೆ ತೆಗೆಯಲಿಲ್ಲ. ಗುಂಡಿಗಳನ್ನು ಮತ್ತೆ ಹಾಕಿದಳು, ಒಂದೊಂದಾಗಿ. “ಸತ್ತಿದೆ, ಎಳಿ,” ಎಂದಳು. ಕೊಕ್ಕರೆ ಕಾಲು ಹಿಡಿದ, ಅವಳು ಹೆಗಲು. ಕೆಳಗಿಟ್ಟ ಕೂಡಲೆ ಗೋಡೆಯ ಆಚೆ ಹೋಗಿ ವಾಂತಿ ಮಾಡಿಕೊಂಡಳು. ಮಣ್ಣು ಹಾಕಿದವನು ಕೊಕ್ಕರೆ ಒಬ್ಬನೇ. ಅವನಿಗೆ ಗೊತ್ತಿರಬೇಕು. ಮಣ್ಣು ಹಾಕಿದವನಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ, ಅಲ್ಲಾಡಿತೋ ಇಲ್ಲವೋ ಎಂದು?

ಇವತ್ತು ಕೇಳಿಬಿಡುವುದು. ಅವನು ಹೊರಟಾಗ ಬೀದಿಯ ತಿರುವಿನವರೆಗೆ ಜೊತೆಗೆ ಹೋಗುವುದು. ಅಲ್ಲಿ ನಿಂತು, ‘ಕೊಕ್ಕರೆ, ನಾನು ಕಣೋ ಮೂಕ’ ಅನ್ನುವುದು. ಬಚ್ಚಲಿಗೆ ಹೋಗಿ, ನೀರು ಜೋರಾಗಿ ಬಿಟ್ಟು, ಆ ಹಳೆಯ ದನಿಯನ್ನು ಗಂಟಲಿನ ತಳದಿಂದ ಎಬ್ಬಿಸಲು ನೋಡಿದಳು. ಬಂದದ್ದು ಮುದುಕಿಯ ಕೆಮ್ಮು. ಮತ್ತೆ ನೋಡಿದಳು. “ಕೆಮ್ಮಿಗೆ ಕಷಾಯ ಮಾಡ್ಲಾ ಅಕ್ಕ?” ಎಂದು ಅಂಗಡಿಯಿಂದ ಬಂದ ತಮ್ಮನ ಹೆಂಡತಿ ಬಾಗಿಲು ತಟ್ಟಿದಳು.

ಕೊಕ್ಕರೆ ಬಂದಾಗ ಅವಳಿಗೆ ಗುರುತೇ ಸಿಗಲಿಲ್ಲ. ಆ ಉದ್ದ ಕಾಲಿನ ಮೇಲೆ ಯಾರೋ ಬೇರೊಬ್ಬನ ಹೊಟ್ಟೆ ತಂದಿಟ್ಟಂತಿತ್ತು. ಅವನು ಮೆಟ್ಟಿಲ ಮೇಲೆ ನಿಂತು, ಉಸಿರು ಎಳೆದುಕೊಂಡು, ತಮ್ಮನನ್ನು ದಿಟ್ಟಿಸಿದ. ಪರದೆಯ ಸಂದಿಯಲ್ಲಿ ಅವಳು ನಿಂತಿದ್ದಳು. ಒಂದು ಕ್ಷಣ, ಒಂದೇ ಕ್ಷಣ, ‘ಇವನಲ್ಲ’ ಎಂದು ಅವನು ಅಂದುಬಿಡಲಿ ಎಂದು ಅವಳ ಇಡೀ ಮೈ ಕಾದು ನಿಂತಿತು.

“ಮೂಕಾ!” ಎಂದು ಅವನು ತಮ್ಮನನ್ನು ಬಾಚಿ ತಬ್ಬಿಕೊಂಡ. “ಅದೇ ಮೂಗು ಕಣೋ! ಆ ಮೂಗು ನೋಡಿದ್ರೆ ನರಕದಲ್ಲೂ ಗುರುತು ಹಿಡೀತೀನಿ.”

“ಬಾರೋ ಕೊಕ್ಕರೆ, ಬಾ. ಏನೋ ಇದು, ಕೊಕ್ಕರೆ ಹೋಗಿ ಎಮ್ಮೆ ಆಗಿದ್ದೀಯಲ್ಲೋ!”

“ನೀನೇನು ಕಮ್ಮಿನಾ? ಅಲ್ಲಿ ಮೂಕ ಆಗಿದ್ದೋನು ಇಲ್ಲಿ ಬಾಯಿಬಡುಕ ಆಗಿದ್ದೀಯಂತೆ. ಬೀದಿ ತಿರುವಲ್ಲೇ ಹೇಳಿದ್ರು, ಸಿಪಾಯಣ್ಣನ ಮನೆಗೆ ಹೋಗ್ತೀರಾ, ಸಂಜೆ ತನಕ ಬಿಡಲ್ಲ ಅಂತ.”

“ಯುದ್ಧದಲ್ಲಿ ಉಳಿಸಿದ ಮಾತು ಕಣೋ. ಈಗ ಖರ್ಚು ಮಾಡ್ತಾ ಇದ್ದೀನಿ.”

ಅವನು ಆಡಿದ್ದು ಚೆನ್ನಾಗಿತ್ತು. ಪಾಠದಲ್ಲಿ ಇರದಿದ್ದ ಮಾತು. ಅಕ್ಕ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಕೊಕ್ಕರೆ ಅರ್ಧ ಎದ್ದು ಕೈಮುಗಿದ. “ಅಕ್ಕನೋ? ನೋಡಿ, ಎಂಥಾ ಮನುಷ್ಯ ಇವನು, ಮನೇಲಿ ಒಬ್ಬಳು ಅಕ್ಕ ಇದ್ದಾಳೆ ಅಂತ ಅಷ್ಟು ದಿನದಲ್ಲಿ ಒಂದ್ಸಲಾನೂ ಹೇಳ್ಲಿಲ್ಲ. ಅಮ್ಮನ ಬಗ್ಗೆ ಹೇಳ್ದ, ತಮ್ಮ ಇದ್ದಾನೆ ಅಂತ ಒಂದ್ಸಲ ಬಾಯಿ ತಪ್ಪಿ ಹೇಳ್ದ. ಅಕ್ಕ ಇಲ್ಲವೇ ಇಲ್ಲ!”

ಹೇಗೆ ಹೇಳುತ್ತಾಳೆ? ಅವಳು ನಕ್ಕು ಲೋಟ ಕೊಟ್ಟಳು. ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವನು ಸಭ್ಯವಾಗಿ ಕೈ ಹಿಂದೆ ಎಳೆದುಕೊಂಡ. ಆ ಕಾಲದಲ್ಲಿ ಚಳಿಗೆ ಸೆಟೆದ ಈ ಬೆರಳುಗಳನ್ನು ಅವನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿದ್ದ, ‘ಎಂಥಾ ಸಣ್ಣ ಕೈಯೋ ನಿಂದು’ ಎಂದು ಬೈದಿದ್ದ.

ಮಾತು ಹೊಳೆಗೆ ಹೋಯಿತು, ಸಿಗರೇಟಿಗೆ ಹೋಯಿತು, ಗಾಯದ ಗುರುತಿಗೆ ಹೋಯಿತು. ಕೊಕ್ಕರೆ ಆ ಸೌಟಿನ ಬರೆಯನ್ನು ಹೆಬ್ಬೆರಳಿನಿಂದ ಸವರಿ, “ಇದಕ್ಕೆ ನಾನೇ ಕಟ್ಟು ಕಟ್ಟಿದ್ದು,” ಎಂದ. ತಮ್ಮನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕನ ತೋಳಿನೊಳಗೆ ಮೊಳಕೈ ಕೆಳಗೆ ತುರಿಸಿತು. ಅವಳು ತುರಿಸಿಕೊಳ್ಳಲಿಲ್ಲ.

ಆಮೇಲೆ ಕೊಕ್ಕರೆ ಬಿಸ್ಕತ್ತನ್ನು ತಟ್ಟೆಯ ಅಂಚಿಗೆ ಇಟ್ಟ. “ಮೂಕಾ, ನಾನು ಸುಮ್ನೆ ಬರಲಿಲ್ಲ. ಡಾಕ್ಟ್ರು ನನ್ನ ಎದೆಗೆ ಕಿವಿ ಇಟ್ಟು ತಲೆ ಅಲ್ಲಾಡಿಸಿದ್ದಾರೆ. ಸಾಯೋದಕ್ಕೆ ಮುಂಚೆ ಕೇಳಿಬಿಡೋಣ ಅಂತ. ಆ ಇಟ್ಟಿಗೆಗೂಡಿನ ಗುಂಡಿ, ನೆನಪಿದೆಯಾ?”

ಅಕ್ಕ ಪರದೆಯನ್ನು ಹಿಡಿದುಕೊಂಡಳು.

ತಮ್ಮ ಒಂದು ಸಲ ಅವಳ ಕಡೆ ನೋಡಿದ. ಅದು ಪಾಠದಲ್ಲಿ ಇರಲಿಲ್ಲ. ಆದರೆ ಜೀವಮಾನವಿಡೀ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದು ಬದುಕಿದವನು, ನಾಲಗೆ ತಡವರಿಸಲಿಲ್ಲ. “ನೆನಪಿಲ್ದೆ ಏನು! ಹೇಳು.”

“ಕೊನೇದು. ಗೋಡೆಗೆ ಒರಗಿತ್ತಲ್ಲ, ಹುಡುಗ, ಇನ್ನೂ ಮೀಸೆ ಬಂದಿರಲಿಲ್ಲ. ನೀನು ಗುಂಡಿ ಬಿಚ್ಚಿ ನೋಡ್ದೆ. ಸತ್ತಿದೆ ಅಂದೆ. ಆಮೇಲೆ ನೀನು ಗೋಡೆ ಆಚೆ ಹೋದೆ. ನಾನು ಮಣ್ಣು ಹಾಕ್ತಾ ಇದ್ದೆ. ಕಾಲಿಗೆ ಹಾಕ್ದೆ, ಹೊಟ್ಟೆಗೆ ಹಾಕ್ದೆ. ಕೈಗೆ ಹಾಕುವಾಗ...” ಅವನು ತನ್ನ ದಪ್ಪ ಕೈಯನ್ನು ಮೇಜಿನ ಮೇಲೆ, ಇಸ್ತ್ರಿಯಾದ ಬಟ್ಟೆಗಳ ಪಕ್ಕ ಅಂಗಾತ ಇಟ್ಟ. “ಬೆರಳು ಮಡಚಿತು ಕಣೋ. ಹೀಗೆ.” ಬೆರಳುಗಳು ಮೆಲ್ಲಗೆ ಒಳಗೆ ಮಡಚಿದವು, ಏನನ್ನೋ ಹಿಡಿದುಕೊಳ್ಳುವ ಹಾಗೆ. “ಒಂದು ಸಲ ಅಲ್ಲ. ನಾನು ನಿಂತೆ. ಕೂಗಬೇಕು ಅಂದ್ಕೊಂಡೆ. ಆಮೇಲೆ, ಮೂಕ ನೋಡಿದ್ದಾನಲ್ಲ, ಮೂಕ ಸುಳ್ಳು ಹೇಳೋನಲ್ಲ ಅಂತ ಬೇಗ ಬೇಗ ಮಣ್ಣು ಎಳೆದುಬಿಟ್ಟೆ. ಮುಖದ ಮೇಲೂ. ನೀನು ಸರಿಯಾಗಿ ನೋಡಿದ್ದೆ ತಾನೆ? ಅದೊಂದು ಹೇಳ್ಬಿಡು.”

ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಆರುವ ಟಿಕ್ ಟಿಕ್ ಸದ್ದು. ಅಕ್ಕನಿಗೆ ಉತ್ತರ ಸಿಕ್ಕಿತ್ತು. ಕೇಳದೆಯೇ, ಯಾರೂ ಕೊಡದೆಯೇ, ಪ್ರಶ್ನೆಯ ರೂಪದಲ್ಲಿ ಬಂದು ಕೂತಿತ್ತು. ಬಿಸಿ ಒಳಗಿನದೇ.

“ಅಯ್ಯೋ ಹುಚ್ಚಪ್ಪ!” ತಮ್ಮ ಜೋರಾಗಿ ನಕ್ಕ. “ಇದನ್ನ ತಲೇಲಿ ಇಟ್ಕೊಂಡು ಇಷ್ಟು ಕಾಲ ಕೊರಗಿದ್ಯಾ? ಹೆಣದ ನರ ಸೆಳೆಯುತ್ತೆ ಕಣೋ, ಬೆರಳು ಮಡಚುತ್ತೆ, ಕೆಲವು ಎದ್ದೇ ಕೂರ್ತಾವೆ! ನಾನು ಸರಿಯಾಗಿ ನೋಡಿದ್ದೆ. ಸತ್ತಿತ್ತು. ಪೂರ್ತಿ.”

“ಆಣೆ?”

“ಅಮ್ಮನಾಣೆ.”

ಕೊಕ್ಕರೆಯ ಮುಖ ಒಡೆಯಿತು. ಆ ದೊಡ್ಡ ಮೈ ಮೇಜಿನ ಮೇಲೆ ಬಾಗಿ ಮಗುವಿನಂತೆ ಬಿಕ್ಕಿತು. ತಮ್ಮ ಅವನ ಬೆನ್ನು ತಟ್ಟುತ್ತಿದ್ದ, ಬಹಳ ಅಭ್ಯಾಸವಿದ್ದವನ ಹಾಗೆ. ಅಕ್ಕನ ಬಾಯಿ ತೆರೆಯಿತು. ಬಚ್ಚಲಿನಲ್ಲಿ ಎಷ್ಟು ಕರೆದರೂ ಬಾರದ ಆ ದನಿ ಈಗ ತಾನಾಗಿ ಗಂಟಲ ತನಕ ಬಂದು ನಿಂತಿತ್ತು. ಮಾತಾಡಿದರೆ ಹೊರಡುವುದು ಅದೇ ಎಂದು ಅವಳಿಗೆ ಗೊತ್ತಾಯಿತು. ಕೊಕ್ಕರೆ ತಲೆ ಎತ್ತಿದ. ಕಣ್ಣೀರು ಹರಿದ ಮುಖದಲ್ಲಿ ಎಂಥ ಹಗುರ! ವಾಂತಿಯಾದ ಮೇಲೆ ಜ್ವರ ಬಿಟ್ಟವನಂತೆ ಬೆವರಿದ್ದ.

“ಅಕ್ಕ, ನಿಮ್ಮ ತಮ್ಮ ನನ್ನ ಎದೆ ಮೇಲಿನ ಬಂಡೆ ಇಳಿಸಿದ.”

“ಇನ್ನೊಂದು ಸ್ವಲ್ಪ ಚಹಾ ಹಾಕ್ಲಾ?” ಎಂದಳು ಅವಳು, ಅಕ್ಕನ ದನಿಯಲ್ಲಿ.

“ಹಾಕಿ, ಹಾಕಿ. ಬಿಸ್ಕತ್ತೂ ಕೊಡಿ. ಹಸಿವಾಗ್ತಾ ಇದೆ ನೋಡಿ!” ಅವನು ತಿಂದ, ನಕ್ಕ, ತಮ್ಮನ ಹೆಂಡತಿಗೆ ಮೂಕನ ಭೇದಿಯ ಕಥೆ ಹೇಳಿ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗಿಸಿದ. “ತಿಂಗಳು ತಿಂಗಳು ಬರ್ತಿತ್ತು ಅಮ್ಮಾ, ಹೇಳಿ ಮಾಡಿಸಿದ ಹಾಗೆ!” ಹೊರಟಾಗ ತಮ್ಮನೇ ತಿರುವಿನ ತನಕ ಹೋದ, ಹೆಗಲ ಮೇಲೆ ಕೈ ಹಾಕಿಕೊಂಡು. ಅಕ್ಕ ಲೋಟಗಳನ್ನು ಎತ್ತಿಟ್ಟಳು. ಮೇಜಿನ ಮೇಲೆ ಅವನ ಕೈ ಇದ್ದ ಜಾಗದಲ್ಲಿ ಬೆವರಿನ ಮಂಕು ಗುರುತಿತ್ತು, ನೋಡುತ್ತಿದ್ದ ಹಾಗೆ ಆರಿಹೋಯಿತು. ಹೇಳಿದ್ದರೆ? ಹೇಳಿದ್ದರೆ ಅವನು ಕೊಂದವನಾಗಿ ಸಾಯುತ್ತಿದ್ದ, ಇವಳು ಒಂದು ಜೊತೆ ಪಡೆದವಳಾಗುತ್ತಿದ್ದಳು. ಆ ಆಸೆಯೂ ಅವಳಲ್ಲಿ ಇತ್ತು, ಇಲ್ಲ ಅನ್ನಲಾರಳು.

ತಮ್ಮ ಮರಳಿ ಬಂದು, ಪರದೆ ಎಳೆದು, ತಗ್ಗಿದ ದನಿಯಲ್ಲಿ ಹಾರಾಡಿದ. “ಯಾವ ಗುಂಡಿ ಅಕ್ಕ ಅದು? ಒಂದು ಮಾತು ಹೇಳೋದು ಬೇಡ್ವಾ? ಅವನ ಮುಂದೆ ನನ್ನ ಮಾನ ಹೋಗಿದ್ರೆ?”

“ಚೆನ್ನಾಗೇ ಹೇಳ್ದೆಯಲ್ಲ.”

“ಬಾಯಿಗೆ ಬಂದದ್ದು ಹೇಳ್ದೆ. ಸತ್ತಿತ್ತು ತಾನೆ?”

ಅವಳು ಅವನನ್ನು ನೋಡಿದಳು. ಅದೇ ಮೂಗು, ಅದೇ ಗಲ್ಲ. ಕಣ್ಣಲ್ಲಿ ಭಯ ಇತ್ತು, ಸತ್ತವರ ಭಯ ಅಲ್ಲ, ಮುಂದಿನ ಪರೀಕ್ಷೆಯ ಭಯ. ಈ ಲೋಕದಲ್ಲಿ ಇನ್ನು ಅವಳು ಹೇಳಿಕೊಳ್ಳಬಹುದಾದವನು ಇವನೊಬ್ಬನೇ. ಹೇಳಿದರೆ ಇವನು ಅದನ್ನೂ ಚೆನ್ನಾಗಿ ಹೇಳಿಯಾನು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ. ಬಟ್ಟೆ ತಂದವರು ಲೊಚಗುಟ್ಟಿಯಾರು.

“ಸತ್ತಿತ್ತು,” ಎಂದಳು.

“ಅವನು ಮತ್ತೆ ಬರ್ತೀನಿ ಅಂದಿದ್ದಾನೆ. ಮತ್ತೆ ಕೇಳಿಯೇ ಕೇಳ್ತಾನೆ, ಅಂಥಾ ಮನುಷ್ಯ. ಸರಿಯಾಗಿ ಹೇಳಿಕೊಡು. ಮುಟ್ಟಿ ನೋಡಿದ್ಯಾ?”

“ನೋಡ್ದೆ.”

“ಹೇಗಿತ್ತು?”

“ತಣ್ಣಗಿತ್ತು.”

“ಬರೀ ತಣ್ಣಗೆ ಅಂದ್ರೆ ಯಾರು ನಂಬ್ತಾರೆ? ನೀನೇ ಹೇಳ್ತೀಯಲ್ಲ, ಸಣ್ಣದೊಂದು ಸೇರಿಸು ಅಂತ.”

ಅವಳು ಯೋಚಿಸಿದಳು. ಕೈಗೆ ಗೊತ್ತಿರುವ ತಣ್ಣನೆಯದನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದಳು.

“ರಾತ್ರಿ ನೆನೆಹಾಕಿ ಮರೆತ ಬಟ್ಟೆ ಬೆಳಿಗ್ಗೆ ಬಕೆಟ್ಟಲ್ಲಿ ಕೈಗೆ ಸಿಗುತ್ತಲ್ಲ, ಹಾಗೆ.”

ತಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಬಕೆಟ್ಟಿನ ಹತ್ತಿರ ನಾಲಗೆ ತೊಡರಿತು.

“ಚೆನ್ನಾಗಿದೆ,” ಎಂದ. “ಇನ್ನೊಂದ್ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.